ಲ್ಯಾಂಗ್ ಮೊಮ್ಮಗನ ನಾಲ್ಕನೇ ಸಿನಿಮಾ

ಈ ಸಲ ಒಂದು ಚೂರೂ ತಿದ್ದಬಾರದು ಎಂದು ವಾರ್ತಾನ್ ತೀರ್ಮಾನಿಸಿದ. ಒಬ್ಬನ ಬಣ್ಣ ಬಯಲು ಮಾಡಲು ಅಷ್ಟು ಸಾಕಿತ್ತು.

ವಾರ್ತಾನ್ ಹಾಲಿವುಡ್ಡಿನ ಸ್ಟುಡಿಯೊ ಒಂದರಲ್ಲಿ ಸಂಕಲನಕಾರ. ಬಣ್ಣ ಬಯಲಾಗಬೇಕಿದ್ದದ್ದು ನಿರ್ದೇಶಕ ಪ್ರೆಸ್ಕಾಟ್ ಲ್ಯಾಂಗ್‌ನದು. ಸ್ಟುಡಿಯೊದ ಗೇಟಿನ ಮೇಲೆ ಪ್ರೆಸ್ಕಾಟ್‌ನ ಅಜ್ಜನ ಹೆಸರಿತ್ತು. ವಾರ್ತಾನ್‌ನ ಅಪ್ಪನ ಹೆಸರೂ ಒಂದು ಬೋರ್ಡಿನ ಮೇಲಿತ್ತು, ಗ್ಲೆಂಡೇಲಿನ ಬೂಟು ರಿಪೇರಿ ಅಂಗಡಿಯ ಮುಂದೆ. ಈ ಎರಡು ಬೋರ್ಡುಗಳ ನಡುವಿನ ದೂರಕ್ಕೇ ಈ ಊರಿನ ಜನ ಪ್ರತಿಭೆ ಎಂದು ಹೆಸರಿಟ್ಟಿದ್ದಾರೆ ಎಂಬುದು ವಾರ್ತಾನ್‌ನ ನಂಬಿಕೆ.

ಪ್ರೆಸ್ಕಾಟ್ ಮೂರು ಸಿನಿಮಾ ಮಾಡಿದ್ದ. ಮೂರೂ ನೆಲಕಚ್ಚಿದ್ದವು. ಬೇರೆಯವನಾಗಿದ್ದರೆ ಮೊದಲನೆಯದಕ್ಕೇ ಗೇಟಿನಾಚೆ ತಳ್ಳುತ್ತಿದ್ದರು. ಪ್ರೆಸ್ಕಾಟ್‌ಗೆ ನಾಲ್ಕನೆಯದೂ ಸಿಕ್ಕಿತು. ಇತ್ತ ವಾರ್ತಾನ್ ಬರೆದಿಟ್ಟ ಚಿತ್ರಕಥೆ ವರ್ಷಗಟ್ಟಲೆ ಡ್ರಾಯರಿನಲ್ಲೇ ಮಲಗಿತ್ತು. ಅದನ್ನು ತಾನೇ ನಿರ್ದೇಶಿಸಬೇಕೆಂಬುದು ಅವನ ಜೀವಮಾನದ ಆಸೆ. ಈ ಲ್ಯಾಂಗ್ ಮೊಮ್ಮಗ ಒಮ್ಮೆ ಸರಿಯಾಗಿ ಮುಗ್ಗರಿಸಿದರೆ ಜಾಗ ತೆರವಾಗುತ್ತದೆ.

"ಅವನಿಗೆ ನಾಲ್ಕು, ನನಗೆ ಒಂದೂ ಇಲ್ಲ," ಎಂದು ಊಟಕ್ಕೆ ಕೂತಾಗಲೆಲ್ಲ ರೇಗುತ್ತಿದ್ದ.

"ಪಿಲಾಫ್ ಆರ್ತಾ ಇದೆ, ತಿನ್ನು ವಾರ್ತಾನ್ ಜಾನ್," ಎನ್ನುತ್ತಿದ್ದಳು ಹೆಂಡತಿ ಶೂಶಾನ್. "ಅವನ ಸಿನಿಮಾ ಇಲ್ದಾಗ ನಿನ್ನನ್ನ ಬೇರೆ ಯಾರು ಕರೀತಾರೆ ಹೇಳು? ಅವನಿಂದಾನೇ ಈ ಮನೇಲಿ ಒಲೆ ಉರೀತಿರೋದು."

"ಅವನ ಸೋಲಿನ ಮಸಿ ನನ್ನ ಮುಖಕ್ಕೂ ಮೆತ್ತಿದೆ. ಅದಕ್ಕೇ ಯಾರೂ ಕರೆಯಲ್ಲ."

ಪ್ರೆಸ್ಕಾಟ್ ಕೆಟ್ಟವನೇನಲ್ಲ. ವಾರ್ತಾನ್‌ಗೆ ಅದು ಇನ್ನೂ ಉರಿ. ಸಂಕಲನದ ಕೋಣೆಗೆ ಬರುವಾಗ ಅವನು ಗ್ಲೆಂಡೇಲಿನ ಬೇಕರಿಯಿಂದ ಮಾಂಸ ಹರಡಿ ಸುಟ್ಟ ತೆಳು ರೊಟ್ಟಿ, ಬಿಸಿಬಿಸಿ ಲಾಹ್ಮಜೂನ್ ಕಟ್ಟಿಸಿಕೊಂಡು ಬರುತ್ತಿದ್ದ. ವಾರ್ತಾನ್‌ನ ಕಡೆಯ ಅರ್ಮೇನಿಯನ್ನರ ಹಾಗೆ ಅಕ್ಕರೆಯಿಂದ ಹೆಸರಿಗೆ 'ಜಾನ್' ಸೇರಿಸುವುದನ್ನೂ ಕಲಿತಿದ್ದ.

"ವಾರ್ತಾನ್ ಜಾನ್, ಅವಳು ಬಾಗಿಲ ಹತ್ರ ಸುಮ್ನೆ ನಿಂತ್ಕೊಳ್ತಾಳಲ್ಲ, ಅದನ್ನ ಪೂರ್ತಿ ಬಿಡೋಣ್ವಾ?"

"ಜನ ಎದ್ದು ಹೋಗ್ತಾರೆ."

"ಸರಿ ಬಿಡು. ನಿನಗೆ ಗೊತ್ತಿರತ್ತೆ."

ಅಷ್ಟೇ. ಜಗಳವಿಲ್ಲ, ಹಟವಿಲ್ಲ. ಮೊದಲ ಸಂಕಲನ ತನ್ನಿಷ್ಟದಂತೆಯೇ ಇರಲಿ ಎಂದು ಕೇಳುವ ಹಕ್ಕು ನಿರ್ದೇಶಕನಿಗಿರುತ್ತದೆ. ಪ್ರೆಸ್ಕಾಟ್ ಅದನ್ನು ಒಮ್ಮೆಯೂ ಕೇಳಿದವನಲ್ಲ. ಹೊಟ್ಟೆ ತುಂಬಿದವನಿಗೆ ಯಾವುದರ ಹಟ ಎಂದು ವಾರ್ತಾನ್ ಒಳಗೊಳಗೇ ಹಲ್ಲು ಕಡಿಯುತ್ತಿದ್ದ.

ಚಿತ್ರೀಕರಣದಲ್ಲಿ ಒಂದೇ ದೃಶ್ಯವನ್ನು ಹಲವು ಸಲ ತೆಗೆಯುತ್ತಾರೆ. ನಿರ್ದೇಶಕ ತನಗೆ ಹಿಡಿಸಿದ ಟೇಕಿಗೆ ಅಲ್ಲೇ ಗುರುತು ಹಾಕಿಸುತ್ತಾನೆ. ಪ್ರೆಸ್ಕಾಟ್ ಗುರುತು ಹಾಕಿಸಿದ್ದನ್ನು ವಾರ್ತಾನ್ ಮೂಸಿಯೂ ನೋಡುತ್ತಿರಲಿಲ್ಲ. ಉಳಿದವುಗಳಿಂದ ಹೆಕ್ಕಿ, ಮೌನಗಳನ್ನು ಕತ್ತರಿಸಿ, ಸಂಗೀತ ತುಂಬಿ ಸಿನಿಮಾವನ್ನು ಉಳಿಸುತ್ತಿದ್ದ. ಉಳಿಸಿದ ಮೇಲೂ ಮೂರು ಸೋತಿವೆ. ಉಳಿಸದಿದ್ದರೆ ಏನು ಗತಿ, ಲೋಕ ಒಮ್ಮೆ ನೋಡಲಿ.

ಪ್ರೆಸ್ಕಾಟ್ ತಾಯಿಯ ಆಪರೇಷನ್ನಿಗೆಂದು ಬಾಸ್ಟನ್ನಿಗೆ ಹೋಗಿದ್ದು ಅನುಕೂಲವೇ ಆಯಿತು. "ನೀನು ಮಾಡಿದ್ದೇ ಸರಿ," ಎಂದು ಫೋನಿನಲ್ಲಿ ಹೇಳಿಬಿಟ್ಟ. ವಾರ್ತಾನ್ ಗುರುತು ಬಿದ್ದ ಟೇಕುಗಳನ್ನಷ್ಟೇ ತೆಗೆದು, ಇದ್ದಷ್ಟು ಉದ್ದಕ್ಕೂ ಬಿಟ್ಟು, ಕಥೆಯ ಕ್ರಮದಲ್ಲಿ ಒಂದರ ಹಿಂದೊಂದು ಅಂಟಿಸಿದ. ಸಂಗೀತ ಹಾಕಲಿಲ್ಲ. ಮುಗಿದ ಮೇಲೆ ಕೂತು ನೋಡುವ ಗೋಜಿಗೂ ಹೋಗಲಿಲ್ಲ.

ಸಾಮಾನ್ಯ ಜನರನ್ನು ಕೂರಿಸಿ ಮೊದಲು ತೋರಿಸಿ ನೋಡುವ ಸಂಜೆ ಬಂತು. ವಾರ್ತಾನ್ ತನ್ನ ಚಿತ್ರಕಥೆಯನ್ನು ಚೀಲದಲ್ಲಿಟ್ಟುಕೊಂಡೇ ಥಿಯೇಟರಿಗೆ ಹೋದ. ಹಿಂದಿನ ಸಾಲಿನಲ್ಲಿ, ಅವನ ಪಕ್ಕದಲ್ಲೇ ಸ್ಟುಡಿಯೊದ ಮುಖ್ಯಸ್ಥೆ ಲೊರೇನ್ ಕೂತಳು. ಚಿತ್ರೀಕರಣ ನಡೆಯುವಷ್ಟು ದಿನವೂ ಬೆಳಿಗ್ಗೆ ಕಾಫಿ ಹಿಡಿದು, ಹಿಂದಿನ ದಿನ ತೆಗೆದದ್ದನ್ನೆಲ್ಲ ನೋಡುವ ಹೆಂಗಸು. ಕಣ್ಣಾರೆ ನೋಡಿಯೂ ಮತ್ತೆ ಮತ್ತೆ ಅವಕಾಶ ಕೊಟ್ಟಳಲ್ಲ, ಅಜ್ಜನ ಹೆಸರು ಕಣ್ಣನ್ನೂ ಕುರುಡು ಮಾಡುತ್ತದೆ ಎಂದುಕೊಂಡ.

"ಹೇಗಿದೆ ಈ ಸಲ?" ಎಂದಳು ಲೊರೇನ್.

"ಪ್ರೆಸ್ಕಾಟ್ ಏನು ಅಂತ ಎಲ್ರಿಗೂ ಗೊತ್ತಾಗತ್ತೆ."

ತೆರೆಯ ಮೇಲೆ ನಾಯಕಿ ಬಾಗಿಲ ಬಳಿ ನಿಂತಳು. ನಿಂತೇ ಇದ್ದಳು. ಯಾರೂ ಪಿಟ್ಟೆನ್ನಲಿಲ್ಲ. ಪಾಪ್‌ಕಾರ್ನ್ ಅಗಿಯುವ ಸದ್ದೂ ನಿಂತಿತು. ಸಿನಿಮಾ ಸತ್ತಿತು ಎಂದು ವಾರ್ತಾನ್ ಖುಷಿಪಟ್ಟ. ಮುಂದಿನ ಸಾಲಿನ ದಡಿಯನೊಬ್ಬ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡ. ನಿದ್ದೆ ಬಂದಿರಬೇಕು. ಆದರೆ ದಡಿಯನ ಭುಜಗಳು ಅಲುಗುತ್ತಿದ್ದವು.

ದೀಪ ಹತ್ತಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಹೊರಗೆ ಕಾರುಗಳ ನಡುವೆ ಲೊರೇನ್ ಅವನ ತೋಳು ಹಿಡಿದುಕೊಂಡಳು. ಕಣ್ಣಿನ ಕಾಡಿಗೆ ಕೆನ್ನೆಗಿಳಿದಿತ್ತು.

"ಇದೇ ಕಣೋ ವಾರ್ತಾನ್! ನಾನು ದಿನಾ ಬೆಳಿಗ್ಗೆ ನೋಡ್ತಿದ್ದ ಸಿನಿಮಾ ಇದೇ. ಮೊದಲಿನ ಮೂರೂ ಹೀಗೇ ಇದ್ವು. ನಿನ್ನ ಕೋಣೆಗೆ ಹೋಗಿ ಬರೋಷ್ಟರಲ್ಲಿ ಹೆಣ ಆಗಿರ್ತಿದ್ವು. ಈ ಸಲ ಏನು ಮಾಡ್ದೆ ನೀನು?"

ಈ ಸಲ ಅವನು ಏನೂ ಮಾಡಿರಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗಿತ್ತು. ಆದರೂ ಹಳೆಯ ಸಂಕಟ ಸುಮ್ಮನಿರಗೊಡಲಿಲ್ಲ.

"ಅಂದ್ರೆ, ಅಜ್ಜನ ಹೆಸರು ನೋಡಿ ಅವಕಾಶ ಕೊಟ್ಟಿದ್ದಲ್ಲ ಅಂತೀರಾ?"

"ಮೊದಲನೇದು ಅಜ್ಜನ ಹೆಸರಿಗೇ. ಸುಳ್ಳು ಯಾಕೆ ಹೇಳ್ಲಿ? ಬೂಟು ರಿಪೇರಿಯವನ ಮಗನಿಗೆ ನಾನು ಅದನ್ನ ಕೊಡ್ತಿರಲಿಲ್ಲ. ಆಮೇಲಿನವು, ಬೆಳಿಗ್ಗೆ ಹೊತ್ತು ನೋಡಿದ್ದಕ್ಕೆ. ಎಡಿಟರ್‌ನ ಬದಲಾಯಿಸು ಅಂತ ಮಾತ್ರ ಪ್ರತಿ ಸಲ ಬಡ್ಕೊಂಡೆ."

ವಾರ್ತಾನ್ ಚೀಲವನ್ನು ಎದೆಗೆ ಅವುಚಿಕೊಂಡ. "ಅದಕ್ಕೆ ಅವನೇನಂದ?"

ಲೊರೇನ್ ಕಾರಿನ ಬಾಗಿಲು ತೆಗೆದಳು. "ಅದೊಂದಕ್ಕೆ ಮಾತ್ರ ಹಟ ಅವನದು. ಪ್ರತಿ ಸಲ ಒಂದೇ ಮಾತು: 'ವಾರ್ತಾನ್‌ಗೆ ಇನ್ನೊಂದು ಅವಕಾಶ ಕೊಡೋಣ, ಲೊರೇನ್.'"