ಹಾವಸಿಯ ಮಗ್ಗಲು

"ಆ ಹೆಸರು ಅಳಸು," ಎಂದು ಮಾರ್ಗದರ್ಶಕ ತಲ್ಲೂರ ಸರ್ ರಬ್ಬರನ್ನು ಮೇಜಿನ ಮೇಲೆ ತಳ್ಳಿದರು. ಸಂಶೋಧನಾ ವಿದ್ಯಾರ್ಥಿನಿ ಕೌಸರ್ ಅದನ್ನು ಎತ್ತಿಕೊಂಡು ಮುಷ್ಟಿಯಲ್ಲಿ ಬಿಗಿಹಿಡಿದಳು. ಸವದತ್ತಿ ಗುಡ್ಡದ ನೆತ್ತಿಯ ಬಂಡೆಗುಳಿಯಲ್ಲಿ, ಅಂಗೈಯಗಲದ ನೀರಿನಲ್ಲಿ ಸಿಕ್ಕಿದ ಹಸಿರು ಪಾಚಿಯ, ಅಂದರೆ ಹಾವಸಿಯ, ಹೆಸರು ಅದು. ಆ ಪಾಚಿ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅದರ ಚಿತ್ರ ಬಿಡಿಸಿ, ಕೆಳಗೆ ಪೆನ್ಸಿಲ್ಲಿನಿಂದ ಹೆಸರು ಬರೆದಿದ್ದಳು.

"ಇಪ್ಪತ್ತು ವರ್ಷ ಆತು, ಇದನ್ನ ನೋಡಾಕ ಹತ್ತೇನಿ. ಎಲ್ಲಾ ಕೆರಿಯಾಗೂ ಇರೂ ಸಾದಾ ಹಾವಸಿ ಇದು. ನೀ ಬರದದ್ದು ನಮ್ಮ ಕಡೆ ಬೆಳಿಯೂದಿಲ್ಲ ಅಂತ ಪುಸ್ತಕದಾಗ ಐತಿ."

"ಪುಸ್ತಕ ಬರದವರು ನಮ್ಮ ಗುಡ್ಡಾ ಹತ್ತಿಲ್ರಿ, ಸರ್. ನಾ ಹತ್ತೇನಿ." ಕೌಸರ್ ಚಿತ್ರದ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. "ನೀವೂ ಇದರ ಮಾರಿ ಅಷ್ಟ ನೋಡೀರಿ. ಮಗ್ಗಲಾ ನೋಡಿಲ್ಲ."

ಸರ್ ಅವರ ಮುಖ ಕೆಂಪಾಯಿತು. ಅವಳು ಸೂಕ್ಷ್ಮದರ್ಶಕವನ್ನು ಅವರತ್ತ ತಿರುಗಿಸಿದಳು. ಅವರು ಕಣ್ಣಿಟ್ಟ ಮೇಲೆ, ಗುಳಿಯಿಂದ ತಂದ ನೀರಹನಿಯನ್ನು ಮುಚ್ಚಿದ್ದ ತೆಳುಗಾಜನ್ನು ಸೂಜಿಯ ತುದಿಯಿಂದ ಮೆಲ್ಲಗೆ ತಟ್ಟಿದಳು. ಅಷ್ಟೊತ್ತು ಚಪ್ಪಟೆಯಾಗಿ ಕಾಣುತ್ತಿದ್ದ ಹಸಿರು ಕಣ ನೀರಲ್ಲಿ ಹೊರಳಿ ಮಗ್ಗಲಾಯಿತು. ನಡುವೆ ಸೀಳಿದಂತಿದ್ದ ಅದರ ಎರಡೂ ಹೋಳುಗಳ ಮೇಲೆ ಒಂದೊಂದು ಉಬ್ಬು ಎದ್ದು ನಿಂತಿತ್ತು. ಕೆರೆಯ ಪಾಚಿಗೆ ಆ ಉಬ್ಬು ಇರುವುದಿಲ್ಲ; ಅವಳು ಬರೆದ ಹೆಸರಿನ ಪಾಚಿಗೆ ಇರುತ್ತದೆ.

ಸರ್ ತಿರುಪನ್ನು ತಿರುಗಿಸಿ ಆ ಉಬ್ಬನ್ನು ಇನ್ನಷ್ಟು ಸ್ಪಷ್ಟ ಮಾಡಿಕೊಂಡರು. "ಇನ್ನೊಮ್ಮೆ ಹೊಳ್ಳಸು," ಎಂದರು.

"ಈ ಸಲ ನೀವ ತಟ್ರಿ," ಎಂದು ಕೌಸರ್ ಸೂಜಿಯನ್ನು ಅವರ ಕೈಗಿಟ್ಟಳು. ರಬ್ಬರನ್ನು ಮಾತ್ರ ಕೊಡಲಿಲ್ಲ.