ಮೆಟಡಾರಿನಲ್ಲಿ ಹೋದವರು

"ಬಿಳಿ ಮೆಟಡಾರ್. ಕಿಟಕಿಗೆ ಹೂವಿನ ಪರದೆ. ಒಳಗೆ ಹಾಸಿಗೆ," ಎಂದ ಕಾಂತರಾಜು. ಕೊನೆಯ ಮಾತಿಗೆ ಅವನ ದನಿ ತಗ್ಗಿತು.

ಬಂಡೀಪುರದ ಚೆಕ್‌ಪೋಸ್ಟಿನ ಗಾರ್ಡ್ ನಕ್ಕ. "ಬಂದಿತ್ತು ಸಾರ್, ನಿನ್ನೆ ಹೊರಟೋದ್ರು. ಆನೆ ಕಾಣ್ತು ಅಂತ ಯಜಮಾನ್ರು ರೋಡಲ್ಲೇ ಗಾಡಿ ನಿಲ್ಲಿಸಿಬಿಟ್ಟಿದ್ರು. ಬೈದೆ. ಆಯಮ್ಮ ಚಿತ್ರಾನ್ನ ಕೊಟ್ಟು ನನ್ನ ಬಾಯಿ ಮುಚ್ಚಿಸಿದ್ರು. ಹೊಸದಾಗಿ ಮದುವೆ ಆದೋರ ಥರ ಇದ್ರು ಬಿಡಿ."

ಕಾಂತರಾಜು ಕಾರಿನ ಬಾಗಿಲನ್ನು ದಡಾರನೆ ಹಾಕಿಕೊಂಡ.

ಆಯಮ್ಮ ಅವನ ತಾಯಿ ನರಸಮ್ಮ. ಅರವತ್ತರ ಹತ್ತಿರದ ವಯಸ್ಸು. ದೊಡ್ಡಬಳ್ಳಾಪುರದ ಅವನ ಮನೆಯಲ್ಲಿ ಅಡುಗೆ ಮಾಡಿಕೊಂಡು, ಮೊಮ್ಮಕ್ಕಳ ತಲೆ ಬಾಚಿಕೊಂಡು ಇದ್ದವಳು. ಒಂದು ಬೆಳಿಗ್ಗೆ ಹಾಲು ಕಾಯಿಸಿಟ್ಟು, ಸೊಸೆಗೆ "ಹೋಗ್ಬರ್ತೀನಿ" ಎಂದು ಹೇಳಿಯೇ ಹೊರಟಿದ್ದಳು. ಬೀದಿಯ ತುದಿಯಲ್ಲಿ ವೆಂಕಟರಾಮಪ್ಪನ ಮೆಟಡಾರ್ ಕಾದಿತ್ತು. ಕದ್ದುಮುಚ್ಚಿ ಹೋಗಿದ್ದರೆ ಕಾಂತರಾಜುವಿಗೆ ಅಷ್ಟು ಉರಿಯುತ್ತಿರಲಿಲ್ಲ. ಹಾಡಹಗಲೇ, ನಲ್ಲಿ ಹತ್ತಿರ ನಿಂತಿದ್ದ ಹೆಂಗಸರೆಲ್ಲ ನೋಡುತ್ತಿದ್ದಂತೆಯೇ, ಮುಂದಿನ ಸೀಟಿನಲ್ಲಿ ಆ ಮುದುಕನ ಪಕ್ಕ ಹತ್ತಿ ಕುಳಿತಿದ್ದಳು.

ತೊಂಬತ್ತೆರಡನೇ ಇಸವಿ. ಊರೂರಿಗೂ ಎಸ್‌ಟಿಡಿ ಬೂತು ಬಂದಿತ್ತು. ಸಂಜೆಯೊಳಗೆ ಹೊಸಕೋಟೆಯ ನೆಂಟರಿಗೂ ಸುದ್ದಿ ಮುಟ್ಟಿತ್ತು. ಫೋನಿನಲ್ಲಿ ಎಲ್ಲರೂ ಮೊದಲು ಕೇಳಿದ್ದು ಒಂದೇ: ಈ ವಯಸ್ಸಿನಲ್ಲಾ?

ಕಾರಿನಲ್ಲಿ ಪಕ್ಕಕ್ಕೆ ಕುಳಿತಿದ್ದವನು ದೇವನಹಳ್ಳಿಯ ಮೂರ್ತಿ. ವೆಂಕಟರಾಮಪ್ಪ ಇದ್ದದ್ದು ಇವನ ಮನೆಯ ಹಿಂದಿನ ಕೋಣೆಯಲ್ಲಿ. ಒಂದು ಕಾಲಕ್ಕೆ ದೇಶವೆಲ್ಲ ಲಾರಿ ಓಡಿಸಿದ್ದ ಮುದುಕ ಈಗ ಮೂರ್ತಿಯ ದ್ರಾಕ್ಷಿ ತೋಟಕ್ಕೆ ನೀರು ಬಿಡುತ್ತಿದ್ದ. ಜಮೀನಿನ ವಿಷಯಕ್ಕೆ ಮೂರ್ತಿಗೂ ಕಾಂತರಾಜುವಿಗೂ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಈಗ ಮಾನದ ಪ್ರಶ್ನೆ ಇಬ್ಬರನ್ನೂ ಒಂದೇ ಅಂಬಾಸಿಡರ್‌ನಲ್ಲಿ ಕೂರಿಸಿತ್ತು.

"ಅವರನ್ನ ಮನೇಲಿ ಇಟ್ಕೊಂಡಿದ್ದೋನು ನೀನು. ಒಂದು ಕಣ್ಣು ಇಡಬೇಕಾಗಿತ್ತು," ಎಂದ ಕಾಂತರಾಜು.

"ಕಣ್ಣಿಟ್ಟಿದ್ದಕ್ಕೇ ಗೊತ್ತಾಗಿದ್ದು. ಪ್ರತಿ ಶುಕ್ರವಾರ ದೇವಸ್ಥಾನಕ್ಕೆ ಅಂತ ನಿನ್ನ ಮನೆಯಿಂದ ಬಸ್ಸು ಹತ್ತಿ ಬರ್ತಿದ್ದೋರು ಯಾರು? ಕೋಟೆ ಬಾಗಿಲ ಹತ್ರ ಇಬ್ರೂ ಒಂದೇ ಪೇಪರಲ್ಲಿ ಬೋಂಡ ತಿಂತಿದ್ರಂತೆ. ನನ್ನ ಹೆಂಡ್ತಿ ಕಣ್ಣಾರೆ ನೋಡಿದಾಳೆ."

ಕಾಂತರಾಜು ಕಿಟಕಿಯಾಚೆ ಮುಖ ತಿರುಗಿಸಿದ.

ದಾರಿ ಹೇಳಿದವನು ಅಬ್ದುಲ್ ರಜಾಕ್. ಗುಜರಿಗೆ ಹೋಗಬೇಕಿದ್ದ ಮೆಟಡಾರನ್ನು ಮುದುಕ ತಂದು ನಿಲ್ಲಿಸಿದ್ದು ಇವನ ಗ್ಯಾರೇಜಿನಲ್ಲೇ. ಹಿಂದಿನ ಸೀಟು ಕಿತ್ತು ಮಂಚ ಹಾಕಿ, ಸೀಮೆಎಣ್ಣೆ ಸ್ಟೌವಿಗೆ ಒಂದು ಕಟ್ಟೆ, ನೀರಿಗೆ ಒಂದು ಡ್ರಮ್ಮು. ರಜಾಕನೂ ಮುದುಕನೂ ಸೇರಿ ಅದನ್ನು ಮನೆ ಮಾಡಿದ್ದರು.

"ಲಾರಿಯಲ್ಲಿ ಹೋಗ್ತಾ ಒಬ್ಬನೇ ನೋಡಿದ್ದನ್ನೆಲ್ಲ ಆಕೆಗೂ ತೋರಿಸ್ಬೇಕು ಅಂತಿದ್ರು," ಎಂದಿದ್ದ ರಜಾಕ್. "ಬಂಡೀಪುರದ ಕಾಡು, ಗಂಡಿಕೋಟದ ಕಮರಿ, ಆಮೇಲೆ ರಾಜಸ್ಥಾನದ ಮರಳು. ಇಬ್ರೂ ಜೊತೆಗಿದ್ರೆ ನಿಮಗೇನ್ರಪ್ಪಾ ತೊಂದ್ರೆ?"

ಇಬ್ಬರೂ ಕಾರು ಹತ್ತಿದ್ದರು.

ಆಂಧ್ರದಲ್ಲಿ, ಗಂಡಿಕೋಟದ ದಾರಿಯಲ್ಲಿ ಪೊಲೀಸ್ ಠಾಣೆಯ ಮುಂದೆ ಕಾರು ನಿಂತಿತು. ದಫೇದಾರ ಆದಿನಾರಾಯಣಪ್ಪ ಹಿಂದೂಪುರದ ಕಡೆಯವನು, ಕನ್ನಡ ಬರುತ್ತಿತ್ತು. "ನಮ್ಮ ತಾಯೀನ ವ್ಯಾನಲ್ಲಿ ಕರ್ಕೊಂಡು ಬಂದ್ಬಿಟ್ಟಿದ್ದಾರೆ ಸಾರ್," ಎಂದು ಕಾಂತರಾಜು ಹೇಳಿದ್ದೇ ತಡ, ಲಾಠಿ ಹಿಡಿದು ಕಾರು ಹತ್ತಿದ.

ಮೆಟಡಾರ್ ಕಮರಿಯ ಅಂಚಿನಲ್ಲೇ ನಿಂತಿತ್ತು. ಕೆಳಗೆ, ಕಣ್ಣು ತಿರುಗುವಷ್ಟು ಆಳದಲ್ಲಿ, ಕೆಂಪು ಬಂಡೆಗಳ ಗೋಡೆಗಳ ನಡುವೆ ಪೆನ್ನಾರ್ ಹರಿಯುತ್ತಿತ್ತು. ನರಸಮ್ಮ ಬಂಡೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಹಣೆಯಲ್ಲಿ ಕಾಸಗಲ ಕುಂಕುಮ, ಮುಡಿಯಲ್ಲಿ ಕನಕಾಂಬರ. ವೆಂಕಟರಾಮಪ್ಪ ಸ್ಟೌವಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಅವಳಿಗೆ ಕಾಫಿ ಸೋಸುತ್ತಿದ್ದ. ಬಂದವರನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ನಡಿಯಮ್ಮಾ ಮನೆಗೆ," ಎಂದ ಕಾಂತರಾಜು.

"ಬರಲ್ಲ ಕಣೋ. ಮರಳು ಇನ್ನೂ ನೋಡಿಲ್ಲ."

"ಜನ ಏನಂತಾರೆ ಗೊತ್ತಾ?"

"ಅನ್ಲಿ. ಅನ್ನೋರ್ಯಾರೂ ನನ್ನ ರಾತ್ರಿಗಳನ್ನ ಕಳೆದಿಲ್ಲ."

ಮೂರ್ತಿ ಮುಂದೆ ಬಂದ. "ನೀವು ಹಿಂಗೆ ಮಾಡಿದ್ರೆ ನಾವು ತಲೆ ಎತ್ಕೊಂಡು ಓಡಾಡೋದು ಹೆಂಗೆ?"

ನರಸಮ್ಮ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಾವೇನು ದನಾನಾ? ಹಗ್ಗ ಹಿಡ್ಕೊಂಡು ಬಂದು, ನಿಮ್ಮನಿಮ್ಮ ಕೊಟ್ಟಿಗೇಲಿ ಕಟ್ಕೊಳ್ಳೋಕೆ?"

ದಫೇದಾರ ಲಾಠಿಯನ್ನು ನೆಲಕ್ಕೆ ಕುಟ್ಟಿ ಮುದುಕನ ಮುಂದೆ ನಿಂತ. "ಯಾರಯ್ಯಾ ನೀನು? ಈಯಮ್ಮ ನಿನಗೇನಾಗ್ಬೇಕು?"

ವೆಂಕಟರಾಮಪ್ಪ ಲೋಟವನ್ನು ಮೊದಲು ನರಸಮ್ಮನ ಕೈಗೆ ಕೊಟ್ಟ. ಆಮೇಲೆ ನೆಟ್ಟಗೆ ನಿಂತ. "ಹೆಂಡ್ತಿ."

"ಸಿಕ್ಕಿಬಿದ್ದೋರೆಲ್ಲ ಹಂಗೇ ಅನ್ನೋದು. ಹೌದು ಅಂತ ಹೇಳೋಕೆ ಯಾರಿದ್ದಾರೆ?"

"ಇದ್ದಾರಲ್ಲ, ಇಬ್ರು," ಎಂದಳು ನರಸಮ್ಮ. ಕಾಫಿಯನ್ನು ಒಂದು ಗುಟುಕು ಕುಡಿದು, ಕಾಂತರಾಜು, ಮೂರ್ತಿ ಇಬ್ಬರ ಕಡೆ ಮುಖ ಮಾಡಿದಳು. "ಹೇಳ್ರಪ್ಪಾ."

ಕಾಂತರಾಜು ಕಾರಿನ ಕಡೆ ತಿರುಗಿಕೊಂಡ. ದಫೇದಾರ ಮೂರ್ತಿಯನ್ನು ನೋಡಿದ. ಮೂರ್ತಿ ನೆಲ ನೋಡಿದ.

"ನಮ್ಮಪ್ಪನೇ ಸಾರ್. ನಾವು ಅಣ್ಣತಮ್ಮಂದಿರು ಭಾಗ ಮಾಡ್ಕೊಂಡಾಗ ಅಮ್ಮ ಇವನ ಪಾಲಿಗೆ ಬಂದ್ರು, ಅಪ್ಪ ನನ್ನ ಪಾಲಿಗೆ."