ಮೂರು ದಿನದ ಪೀಪಾಯಿ

ನಾರ್ಮನ್ ಹೆಪ್‌ವರ್ತ್ ಬಾಗಿಲು ತಳ್ಳಿದಾಗ 'ಬಾಬಿನ್' ಪಬ್ಬಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಗಿರಣಿಗಳು ಮುಚ್ಚಿದ ಮೇಲೆ ಬಣಗುಟ್ಟುತ್ತಿದ್ದ ಆ ಹಿಂಬೀದಿಯ ಪಬ್ಬಿಗೆ ಅಂದು ಕೊನೆಯ ದಿನ. ಶನಿವಾರದ ಮಧ್ಯಾಹ್ನ, ಇಡೀ ಓಣಿಯೇ ಬಂದು ನೆರೆದಿತ್ತು. ನಾರ್ಮನ್ ಎರಡು ವರ್ಷದಿಂದ ಇತ್ತ ತಲೆ ಹಾಕಿರಲಿಲ್ಲ. ಇವತ್ತೂ ಬಾರದಿದ್ದರೆ ಜನ ಆಡಿಕೊಂಡಾರೆಂದು ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದ.

"ಓಹೋ, ದಾರಿ ತಪ್ಪಿ ಬಂದ್ಯೇನಪ್ಪಾ?" ಎಂದ ಕಿಟಕಿ ಪಕ್ಕದ ಮುದುಕ ವಿಲ್ಫ್. ಸುತ್ತಲಿದ್ದವರು ನಕ್ಕರು.

ಪಬ್ಬಿನ ಒಡತಿ ಬೆರಿಲ್ ಮಾತ್ರ ನಗಲಿಲ್ಲ. ಬಿಯರ್ ಪಂಪಿನ ಹಿಡಿಯನ್ನು ನಿಧಾನವಾಗಿ ಎಳೆದು ಲೋಟ ತುಂಬಿಸಿ ಅವನ ಮುಂದಿಟ್ಟಳು. "ತಗೋ ನಾರ್ಮನ್. ಬೆಳಿಗ್ಗೆ ತೆರೆದ ಪೀಪಾಯಿ, ಆಗಲೇ ತಳ ಕಾಣ್ತಿದೆ."

ಅವಳ ಮುಖ ನೋಡಲು ಅವನಿಗಾಗಲಿಲ್ಲ. ಊರಿನ ಬಿಯರ್ ಪ್ರಿಯರ ಸಂಘದಲ್ಲಿ ಅವನ ನಾಲಿಗೆಗೆ ಭಾರಿ ಹೆಸರು. ಎರಡು ವರ್ಷದ ಹಿಂದೆ ಇದೇ ಕೌಂಟರಿನ ಮುಂದೆ ಒಂದು ಗುಟುಕು ಕುಡಿದು, ಲೋಟ ಕುಕ್ಕಿ, ಎಲ್ಲರಿಗೂ ಕೇಳುವಂತೆ ಅಂದಿದ್ದ: "ಇದೇನು ಬಿಯರೋ, ಚಿಪ್ಸಿಗೆ ಚಿಮುಕಿಸೋ ಹುಳಿ ವಿನೆಗರೋ?" ಅಷ್ಟಕ್ಕೇ ಬಿಡದೆ ಸಂಘದ ತಿಂಗಳ ಪತ್ರಿಕೆಯಲ್ಲೂ ಬರೆದ. ವಾರಾಂತ್ಯಕ್ಕೆ ದೂರದಿಂದ ಬರುತ್ತಿದ್ದ ನಾಲ್ಕಾರು ಗಿರಾಕಿಗಳೂ ಆಮೇಲೆ ಬರುವುದನ್ನೇ ಬಿಟ್ಟರು.

ನಾರ್ಮನ್ ಲೋಟ ಹಿಡಿದು ಹೋಗಿ ವಿಲ್ಫ್‌ನ ಪಕ್ಕ ಕುಳಿತ. ಒಂದು ಗುಟುಕು ಕುಡಿದ. ತಣ್ಣಗೆ, ಹದವಾದ ಕಹಿ. ಇಷ್ಟು ಚೆನ್ನಾದ ಬಿಯರನ್ನು ಅವನು ಈಚೆಗೆ ಎಲ್ಲೂ ಕುಡಿದಿರಲಿಲ್ಲ.

"ಈಗ ಬೇರೆ ಕಡೆಯಿಂದ ತರಿಸ್ತಿದ್ದಾಳಾ?"

"ಅದೇ ಬಿಯರು ಕಣಯ್ಯಾ. ತೆರೆದ ಪೀಪಾಯಿ ಮೂರು ದಿನದಲ್ಲಿ ಮುಗೀಬೇಕು, ಇಲ್ದಿದ್ರೆ ಹುಳಿ. ಸಂಘದಲ್ಲಿ ಭಾಷಣ ಬಿಗಿಯೋ ನಿನಗೆ ನಾನು ಹೇಳ್ಕೊಡ್ಬೇಕಾ? ಇವತ್ತು ಕುಡಿಯೋರಿದ್ದಾರೆ, ಚೆನ್ನಾಗಿದೆ. ಆಗ ಇರಲಿಲ್ಲ."

ನಾರ್ಮನ್‌ನ ಕಿವಿ ಬಿಸಿಯಾಯಿತು. ಆದರೂ ಹಟ ಬಿಡಲಿಲ್ಲ. "ಹುಳಿಯಾಗಿದ್ದದ್ದು ನಿಜ ತಾನೇ? ನಿಮಗ್ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯ್ತು, ಹೇಳಿದೆ."

"ಗೊತ್ತಾಗಲಿಲ್ವಾ?" ವಿಲ್ಫ್ ದನಿ ತಗ್ಗಿಸಿದ. "ಗುರುವಾರ ತೆರೆದ ಪೀಪಾಯಿ, ಭಾನುವಾರ ಬಂತು ಅಂದ್ರೆ ಬಾಯಿಗಿಡೋಕಾಗ್ತಿರಲಿಲ್ಲ. ನಾನು, ಸಿರಿಲ್, ಕುಂಟ ಆರ್ಥರ್, ಮೂರು ಜನಾನೂ ಒಂದೊಂದು ಲೋಟ ಜಾಸ್ತಿ ಕುಡೀತಿದ್ವಿ. ಹೇಗಾದ್ರೂ ಬೇಗ ಮುಗೀಲಿ, ಅವಳು ಹೊಸ ಪೀಪಾಯಿ ತೆಗೀಲಿ ಅಂತ. ಹೊಟ್ಟೆ ಕೆಟ್ಟು ಡಾಕ್ಟರ ಹತ್ರ ಬೈಸ್ಕೊಂಡಿದ್ದೀನಿ."

ಜೀವಮಾನವಿಡೀ ಮೆರೆಸಿದ ನಾಲಿಗೆಯ ಬಗ್ಗೆ ನಾರ್ಮನ್‌ಗೆ ಮೊದಲ ಸಲ ಹೇಸಿಗೆಯಾಯಿತು. ಕೇಳಿದ, "ಹುಳಿಯಾಗಿದ್ದದ್ದು ಬೆರಿಲ್‌ಗೆ ಗೊತ್ತಿತ್ತಾ?"

"ಎಲ್ಲಿಂದ ಗೊತ್ತಾಗ್ಬೇಕು? ಗಂಡ ಸತ್ತ ಮೇಲೆ ಒಬ್ಬಳೇ ಪಬ್ಬು ನಡೆಸಿದಳು, ಸರಿ. ಆದ್ರೆ ಬಿಯರನ್ನ ಒಂದು ದಿನ ಬಾಯಿಗೆ ಹಾಕಿದೋಳಲ್ಲ. ನಾವು ತಕರಾರಿಲ್ದೆ ಕುಡೀತಿದ್ವಿ, ಅದಕ್ಕೇ ಎಲ್ಲ ಸರಿಯಾಗಿದೆ ಅಂದ್ಕೊಂಡಿದ್ಲು. ನೀನು ಅಂದ ಮೇಲೆ ಶುರುವಾಯ್ತು ನೋಡು. ನಾವು ಲೋಟ ಎತ್ತಿದಾಗೆಲ್ಲ ಕೈಕೆಲಸ ಬಿಟ್ಟು ನಮ್ಮ ಮುಖಾನೇ ನೋಡ್ತಾ ನಿಲ್ತಿದ್ಲು."

ನಾರ್ಮನ್ ಮೆಲ್ಲಗೆ ತಲೆಯೆತ್ತಿದ. ಅಷ್ಟು ಗದ್ದಲದ ನಡುವೆ, ಗಿರಾಕಿಗಳು ಕೂಗಿ ಕರೆಯುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ, ಬೆರಿಲ್ ಅವನ ಮುಖವನ್ನೇ ನೋಡುತ್ತಾ ನಿಂತಿದ್ದಳು.